ಗಡ್ಡೆಯಲ್ಲ ಎಂದವರ ಮೇಲೆ ಸಿಟ್ಟು

ನನ್ನ ಹೆಂಡತಿಯ ತಲೆಯಲ್ಲಿರುವುದು ಗಡ್ಡೆಯಲ್ಲ ಎಂದು ಹೇಳಿದ ಡಾಕ್ಟರಮ್ಮನನ್ನು ನಾನು ಅವರ ಕೋಣೆಯಲ್ಲೇ ನಿಂತು ಬೈದಿದ್ದೇನೆ. ಬೇರೆ ಯಾರಾದರೂ ಆಗಿದ್ದರೆ ಆ ಮಾತಿಗೆ ಕೈ ಮುಗಿಯುತ್ತಿದ್ದರು. ನಾನು ಮೇಜು ಬಡಿದೆ. ಯಾಕೆ ಬಡಿದೆ ಎಂಬುದನ್ನು ಬರೆಯಲು ಕೂತಿದ್ದೇನೆ. ಬರೆಯುವುದು ನನ್ನ ಕಸುಬಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಬಿಟ್ಟದ್ದಕ್ಕೆ ನಾಚಿಕೆಯೂ ಇಲ್ಲ. ಓದಿದವರು ನನಗಿಂತ ಹೆಚ್ಚು ತಪ್ಪು ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಕೊಟ್ಟೂರಿಗೆ ಹತ್ತಿರದ ಹಳ್ಳಿ ನಮ್ಮದು. ಎರಡು ಎಕರೆಯಲ್ಲಿ ಸೊಪ್ಪು ಬೆಳೆಯುತ್ತೇನೆ. ಕೊತ್ತಂಬರಿ, ಮೆಂತ್ಯ, ಪಾಲಕ, ಸಬ್ಬಸಗಿ. ಇಪ್ಪತ್ತೈದು ವರ್ಷದಿಂದ ಕೊಟ್ಟೂರು, ಕೂಡ್ಲಿಗಿ, ಹೊಸಹಳ್ಳಿ, ಹಗರಿಬೊಮ್ಮನಹಳ್ಳಿ ಎಂದು ಸಂತೆಯಿಂದ ಸಂತೆಗೆ ತಿರುಗಿದ್ದೇನೆ. ಸಂತೆಯಲ್ಲಿ ನನ್ನ ಸೊಪ್ಪಿಗೆ ಒಂದು ಗೌರವವಿತ್ತು. ಬೇರೆಯವರ ಕಟ್ಟು ಬಿಚ್ಚಿದರೆ ಬೇರಿನಲ್ಲಿ ಹಿಡಿ ಮಣ್ಣು. ನನ್ನ ಕಟ್ಟಿನಲ್ಲಿ ಚಿಟಿಕೆ ಮಣ್ಣೂ ಸಿಗುತ್ತಿರಲಿಲ್ಲ. ಊರ ಹೊರಗಿನ ಹಳ್ಳದಲ್ಲಿ ಗಾಡಿ ನಿಲ್ಲಿಸಿ, ಮೊಣಕಾಲುದ್ದ ನೀರಿಗಿಳಿದು, ಒಂದೊಂದು ಕಟ್ಟನ್ನೂ ಮೂರು ಸಲ ಅದ್ದಿ, ಝಾಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದೆ. ಹೊಲದಲ್ಲಿ ಬೋರಿದೆ ನಿಜ. ಆದರೆ ಕರೆಂಟು ನಮಗೆ ಬೇಕಾದಾಗ ಬರುವುದಿಲ್ಲ, ಸಂತೆ ಯಾರಿಗೂ ಕಾಯುವುದಿಲ್ಲ. ಹಳ್ಳ ದಾರಿಯಲ್ಲೇ ಇತ್ತು. ನಮ್ಮ ಊರಿನ ಸೊಪ್ಪಿನವರೆಲ್ಲ ಅಲ್ಲೇ ತೊಳೆಯುವುದು.

ನಾವು ಶಿವನ ಒಕ್ಕಲು. ಮಾಂಸ ತಿನ್ನುವುದು ಹಾಗಿರಲಿ, ಮಾಂಸ ಬೇಯಿಸಿದ ಪಾತ್ರೆ ಇಟ್ಟ ಮನೆಯಲ್ಲಿ ನೀರು ಕುಡಿಯದೆ ಎದ್ದು ಬಂದವನು ನಾನು. ನನ್ನ ಹೆಂಡತಿ ಚಿಗಟೇರಿ ಕಡೆಯವಳು. ನನ್ನಷ್ಟೇ ದುಡಿಯುತ್ತಾಳೆ, ಮಾತು ನನಗಿಂತ ಕಡಿಮೆ.

ಅವಳು ರೊಟ್ಟಿ ಬಡಿಯುತ್ತಿದ್ದಾಗಲೇ ಅದು ಆಯಿತು. ನಾನು ಎದುರಿಗೆ ಊಟಕ್ಕೆ ಕೂತಿದ್ದೆ. ತಟ್ಟೆಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಲೆ, ಪಕ್ಕದಲ್ಲಿ ಒಂದು ಹಿಡಿ ಹಸಿ ಮೆಂತ್ಯ. ರೊಟ್ಟಿಯ ಸದ್ದು ತಾಳ ತಪ್ಪಿತು. ತಲೆಯೆತ್ತಿ ನೋಡಿದರೆ ಅವಳ ಬಲಗೈ ತನ್ನಷ್ಟಕ್ಕೆ ತಾನೇ ಅದುರುತ್ತಿದೆ, ಅವಳು ಆ ಕೈಯನ್ನೇ ನೋಡುತ್ತ ಕೂತಿದ್ದಾಳೆ. “ಏನ್ರಿ, ಇದು ನನ್ನ ಮಾತು ಕೇಳವಲ್ದು” ಎಂದಳು. ಅಷ್ಟರಲ್ಲಿ ಬಾಯಿ ಒಂದು ಕಡೆಗೆ ಎಳೆಯಿತು, ಹಿಟ್ಟಿನ ಮೇಲೆ ಬಿದ್ದಳು.

ಓಣಿ ಪೂರ್ತಿ ಬಂತು. ಒಬ್ಬಳು ಕೈಗೆ ಬೀಗದ ಕೈ ಹಿಡಿಸಿದಳು, ಒಬ್ಬ ಮೂಗಿಗೆ ಚಪ್ಪಲಿ ಹಿಡಿದ. ಚಪ್ಪಲಿ ಹಿಡಿದವನನ್ನು ನಾನು ಹೊಸ್ತಿಲಿನಾಚೆಗೆ ತಳ್ಳಿದೆ. ಹೊತ್ತು ಸರಿದ ಮೇಲೆ ಅವಳು ಕಣ್ಣು ಬಿಟ್ಟು, “ರೊಟ್ಟಿ ಹೊತ್ತಿತೇನು?” ಎಂದಳು.

ಇನ್ನು ಅವಳ ಅಣ್ಣನ ವಿಷಯ. ಕೊಟ್ಟೂರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಕಾಲೇಜು ಓದಿದವನು. ಮದುವೆಯಾದ ದಿನದಿಂದ ನನಗೂ ಅವನಿಗೂ ಆಗಿಬಂದಿಲ್ಲ. ನಾನು ಅಂಗಡಿಗೆ ಹೋದರೆ ಗಿರಾಕಿಗಳ ಮುಂದೆ, “ಬರ್ರಿ ಭಾವ, ಇವತ್ತು ಕೊತ್ತಂಬ್ರಿ ಏನು ರೇಟು?” ಎಂದು ಕೇಳುತ್ತಾನೆ. ಕೊಳ್ಳುವುದಕ್ಕಲ್ಲ. ನನ್ನ ಭಾವ ಸೊಪ್ಪು ಮಾರುವವನು ಎಂದು ತಾನೇ ಮೊದಲು ಹೇಳಿ ನಕ್ಕುಬಿಟ್ಟರೆ ಬೇರೆಯವರು ನಗುವುದಿಲ್ಲ ಎಂಬ ಲೆಕ್ಕ ಅವನದು. ಆದರೂ ಆ ದಿನ ಅವನೇ ಕಾರು ತಂದ, ಅವನೇ ಹೊಸಪೇಟೆಗೆ ಕರೆದೊಯ್ದು ಫಿಟ್ಸ್ ಮಾತ್ರೆ ಬರೆಸಿದ, ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದ. ಸ್ಕ್ಯಾನಿನವರು ಕೊಟ್ಟ ಇಂಗ್ಲಿಷ್ ಕಾಗದವನ್ನು ಹೊರಗೆ ಕಾರಿನ ಪಕ್ಕ ನಿಂತು ಓದಿದ. ಓದಿ ಮಡಚಿ ಜೇಬಿಗಿಟ್ಟುಕೊಂಡ.

“ಏನಂತ?” ಎಂದೆ.

“ಗಡ್ಡಿ ಐತಿ.”

“ಇನ್ನೇನು ಬರದೈತಿ? ಅಷ್ಟುದ್ದ ಕಾಗದದಾಗ ಒಂದ ಮಾತೇನು?”

“ನಿಮಗ ತಿಳಿಯಂಗಿಲ್ಲ ಬಿಡ್ರಿ ಭಾವ. ಮಿದುಳಿನ್ಯಾಗ ಗಡ್ಡಿ. ತೆಗಿಸಬೇಕು.”

ಆ ಕಾಗದವನ್ನು ಕಿತ್ತುಕೊಂಡು ಓದಲು ನನಗೆ ಬರುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಎರಡೇ ದಿನಗಳಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ತನಗೆ ಗೊತ್ತಿದ್ದವರ ಮೂಲಕ ಆಪರೇಷನ್ನಿಗೆ ಹಾಸಿಗೆ, ದಿನ ಎರಡನ್ನೂ ಗೊತ್ತು ಮಾಡಿಸಿದ. ಅದಕ್ಕೆ ಮೊದಲು ಎಂ.ಆರ್.ಐ. ಎಂಬ ಇನ್ನೊಂದು ಸ್ಕ್ಯಾನ್ ಆಗಬೇಕೆಂದು ಅಲ್ಲಿಯವರೇ ಹೇಳಿದರಂತೆ. ಅವನಿಗೆ ಅಂಗಡಿ ಬಿಟ್ಟು ಬರಲು ಆಗಲಿಲ್ಲ. ಹಳೆಯ ಕಾಗದ, ಹಳೆಯ ಫಿಲ್ಮು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಟ್ಟ. ಅವಳನ್ನು ದಾವಣಗೆರೆಗೆ ನಾನೇ ಕರೆದುಕೊಂಡು ಹೋದೆ.

ಅಲ್ಲಿ ಮೊದಲ ಜಗಳ ಮಿಷನ್ನಿನ ಬಾಗಿಲಲ್ಲೇ ಆಯಿತು. ಒಳಗೆ ಅಯಸ್ಕಾಂತ ಇದೆ, ಮೈಮೇಲೆ ಲೋಹದ ಚೂರೂ ಇರಬಾರದು ಎಂದು ಅಲ್ಲಿನ ಹುಡುಗಿ ಹೇಳಿದಳು. ಹೆಂಡತಿ ಬಳೆ ತೆಗೆದಳು, ಕಾಲುಂಗುರ ತೆಗೆದಳು, ತಾಳಿ ತೆಗೆದಳು. ಕೊರಳಲ್ಲಿ ಬೆಳ್ಳಿಯ ಕರಡಿಗೆ ಉಳಿಯಿತು. ಅದರೊಳಗೆ ಲಿಂಗ. ಹುಟ್ಟಿದಾಗ ಕಟ್ಟಿದ್ದು, ಸ್ನಾನಕ್ಕೂ ತೆಗೆದವಳಲ್ಲ.

“ಅದೂ ತೆಗೀರಿ ಅಮ್ಮ.”

“ಅದನ್ನ ತೆಗ್ಯಾಕ ಬರಂಗಿಲ್ಲ” ಎಂದು ನಾನು ಅಡ್ಡ ಬಂದೆ. “ನಿಮ್ಮ ಮಿಷನ್ ಕೆಟ್ಟರ ಕೆಡ್ಲಿ.”

“ಸಾರ್, ಮಿಷನ್ ಕೆಡೋದಲ್ಲ. ಚಿತ್ರ ಕೆಡುತ್ತೆ. ಆಮೇಲೆ ತಲೇಲಿ ಏನಿದೆ ಅಂತ ಯಾರಿಗೂ ಗೊತ್ತಾಗಲ್ಲ.”

ನಾನು ಇನ್ನಷ್ಟು ಕೂಗಾಡುತ್ತಿದ್ದೆ. ಹೆಂಡತಿಯೇ ಕರಡಿಗೆ ಬಿಚ್ಚಿ, ಕಣ್ಣಿಗೊತ್ತಿಕೊಂಡು, ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. “ಕೈ ಬಿಚ್ಚಬ್ಯಾಡ್ರಿ, ಅಷ್ಟ ಸಾಕು” ಎಂದು ಒಳಗೆ ಹೋದಳು. ಮಿಷನ್ನು ಒಳಗೆ ಕಲ್ಲು ಒಡೆಯುವ ಹಾಗೆ ಸದ್ದು ಮಾಡುತ್ತಿತ್ತು. ಮುಕ್ಕಾಲು ಗಂಟೆ ನಾನು ಮುಷ್ಟಿ ಕಟ್ಟಿಕೊಂಡೇ ನಿಂತಿದ್ದೆ. ನೋಡಿದವರು ಇವನು ಯಾರನ್ನೋ ಗುದ್ದಲು ಬಂದಿದ್ದಾನೆ ಎಂದುಕೊಂಡಿರಬೇಕು.

ಆಮೇಲೆ ನಮ್ಮನ್ನು ಒಳಗೆ ಕರೆದರು. ಸ್ಕ್ಯಾನಿನ ಚಿತ್ರ ಓದುವ ಡಾಕ್ಟರು ಒಬ್ಬ ಹೆಣ್ಣುಮಗಳು, ನಮಗೆ ಮಗಳಾಗುವಷ್ಟು ವಯಸ್ಸಿನವರು. ಗೋಡೆಯ ಬೆಳಕಿನ ಪೆಟ್ಟಿಗೆಯ ಮೇಲೆ ಹಳೆಯ ಫಿಲ್ಮನ್ನೂ ಹೊಸದನ್ನೂ ಅಕ್ಕಪಕ್ಕ ಸಿಕ್ಕಿಸಿದ್ದರು. ನಮ್ಮ ಚೀಲದಲ್ಲಿದ್ದ ಹೊಸಪೇಟೆಯ ಕಾಗದ ಅವರ ಕೈಯಲ್ಲಿತ್ತು.

“ನಿಮಗೆ ಗಡ್ಡೆ ಅಂತ ಯಾರು ಹೇಳಿದ್ದು?”

“ಇವಳ ಅಣ್ಣ. ಕಾಗದದಾಗ ಬರದೈತಲ್ರಿ.”

“ಇದರಲ್ಲಿ ಮೂರು ಬರೆದಿದಾರೆ. ಗಡ್ಡೆ ಇರಬಹುದು, ಟಿ.ಬಿ. ಗಂಟು ಇರಬಹುದು, ಹುಳದ ಗುಳ್ಳೆ ಇರಬಹುದು. ಈ ಸ್ಕ್ಯಾನಲ್ಲಿ ಬೇರ್ಪಡಿಸೋಕೆ ಆಗಲ್ಲ, ಎಂ.ಆರ್.ಐ. ಮಾಡಿಸಿ ಅಂತ ಬರೆದಿದಾರೆ. ಅವರು ಒಂದನ್ನೇ ಓದಿದಾರೆ.”

ಆ ಗಳಿಗೆಯಲ್ಲಿ ನನಗಾದ ಸಂತೋಷ ಹೆಂಡತಿ ಬದುಕುತ್ತಾಳೆ ಎಂಬುದಕ್ಕಲ್ಲ, ಅವಳ ಅಣ್ಣ ತಪ್ಪಿದ ಎಂಬುದಕ್ಕೆ. ಬರೆಯಲು ಕೂತ ಮೇಲೆ ಇದ್ದದ್ದನ್ನೇ ಬರೆಯಬೇಕು.

ಅವರು ಪೆನ್ನಿನ ತುದಿಯಿಂದ ತೋರಿಸಿದರು. ಎಡಗಡೆ ಒಂದು ಚಿಕ್ಕ ಉಂಗುರ, ಸುತ್ತ ಮಬ್ಬಾದ ಬಾವು. “ಗಡ್ಡೆ ಆಗಿದ್ರೆ ಸಾಮಾನ್ಯವಾಗಿ ಅಂಚು ದಪ್ಪ ಇರುತ್ತೆ, ಸೊಟ್ಟಪಟ್ಟ ಇರುತ್ತೆ. ಟಿ.ಬಿ. ಗಂಟು ಇದಕ್ಕಿಂತ ದೊಡ್ಡದು, ಒಂದಕ್ಕೊಂದು ಅಂಟಿಕೊಂಡಿರುತ್ತೆ. ಇದು ನೋಡಿ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ದುಂಡಗಿದೆ, ಅಂಚು ತೆಳ್ಳಗಿದೆ. ಒಳಗೆ ಒಂದು ಮೂಲೆಯಲ್ಲಿ ಚುಕ್ಕೆ ಕಾಣಿಸ್ತಾ? ಹಳೇ ಸ್ಕ್ಯಾನಲ್ಲಿ ಅದು ಕಂಡಿಲ್ಲ. ಅದು ಹುಳದ ತಲೆ. ಗುಳ್ಳೆ ಒಳಗೆ ಏನೇನಿದೆ ಅಂತ ಅಳೆದೂ ನೋಡಿದೀವಿ, ಗಡ್ಡೆ ಇದ್ರೆ ಗ್ರಾಫಲ್ಲಿ ಏಳೋ ಗೆರೆ ಎದ್ದಿಲ್ಲ. ಕೊಯ್ಯೋದು ಬೇಡ. ಮಾತ್ರೆಗೆ ಹೋಗುತ್ತೆ.”

“ಎಂಥಾ ಹುಳ?” ಎಂದು ಹೆಂಡತಿ ಕೇಳಿದಳು.

“ಹಂದಿ ಮಾಂಸದಿಂದ ಬರೋ ಲಾಡಿಹುಳ ಅಂತ...”

ನಾನು ಎದ್ದು ನಿಂತೆ. ಮೇಜು ಬಡಿದದ್ದು ಆಗಲೇ.

“ಏನಂದ್ರಿ? ಯಾರ ಮುಂದ ಏನು ಮಾತಾಡಾಕತ್ತೀರಿ? ಈಗ ಆಕಿ ಕೊಳ್ಳಾಗಿಂದ ಏನು ಬಿಚ್ಚಿಸಿದ್ರಿ ನೋಡಿಲ್ಲೇನು? ನಮ್ಮ ಏಳು ತಲಿ ಒಳಗ ಯಾರೂ ಮುಟ್ಟಿಲ್ಲ.”

“ತಿಂದ್ರೆ ಬರೋದಲ್ಲ ಸಾರ್, ಪೂರ್ತಿ ಕೇಳಿ. ತಿಂದವರ ಹೊಟ್ಟೇಲಿ ಹುಳ ಆಗುತ್ತೆ. ಅವರಿಂದ ಹೊರಗೆ ಬಿದ್ದ ಮೊಟ್ಟೆ...”

“ನಿಮಗ ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅನ್ರಿ. ಮರ್ಯಾದಸ್ತರ ಮನಿ ಹೆಣ್ಮಗಳಿಗೆ ಹಂದಿ ಹುಳ ಕಟ್ಟಬ್ಯಾಡ್ರಿ. ನಿನ್ನೆ ಮೊನ್ನೆ ಪಾಸಾಗಿ ಬಂದು...”

ಇನ್ನೂ ಏನೇನೋ ಅಂದೆ. ಅವರು ಮಾತು ನಿಲ್ಲಿಸಿ, ಫಿಲ್ಮು ತೆಗೆದು ಕವರಿಗೆ ಹಾಕಿ, ನನ್ನ ಕೈಗೆ ಕೊಡದೆ ಹೆಂಡತಿಯ ಕೈಗೆ ಕೊಟ್ಟರು. “ಅಮ್ಮ, ಇವರಿಗೆ ಸಿಟ್ಟು ಇಳಿದ ಮೇಲೆ ಇಲ್ಲೇ ನರದ ಡಾಕ್ಟರ ಹತ್ರ ಬನ್ನಿ. ತಡ ಮಾಡಬೇಡಿ. ಫಿಟ್ಸ್ ಮಾತ್ರೆ ಬಿಡಬೇಡಿ” ಎಂದರು.

ಮರುದಿನ ಕೊಟ್ಟೂರಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವು ಮೂವರು ಕೂತೆವು. ನೀನು ಒಂದನ್ನೇ ಓದಿದೆ ಎಂದು ನಾನು ಹೆಂಡತಿಯ ಅಣ್ಣನಿಗೆ ಚುಚ್ಚಿದೆ. ಅವನು ಕೆಂಪಾದ. ಆದರೆ ಹಂದಿ ಎಂಬ ಮಾತು ಬಂದ ಕೂಡಲೇ ಮುಂದಿನ ಬಾಗಿಲು ಹಾಕಿಕೊಂಡು ಬಂದ.

“ಇದು ಹೊರಗ ಹೋಗಬಾರದು ಭಾವ. ಗಡ್ಡಿ ಅಂದ್ರ ಜನ ಅಯ್ಯೋ ಅಂತಾರ. ಹಂದಿ ಹುಳ ಅಂದ್ರ ನಮ್ಮ ಮನಿತನ ಏನು ಉಳಿತೈತಿ? ಕದ್ದು ತಿಂತಾರ ಅಂತಾರ.”

“ನಾನೂ ಅದನ್ನ ಅನ್ನೋದು.”

“ಹುಬ್ಬಳ್ಳಿ ದಿನ ಹಂಗ ಇರ್ಲಿ. ಆ ಹುಡುಗಿ ಬರೆದ ಕಾಗದ ತೋರಿಸೋದು ಬ್ಯಾಡ. ಹಳೇ ಫಿಲ್ಮ್ ಒಯ್ಯೋಣು, ಹೊಸದು ಕೇಳಿದ್ರ ಇನ್ನೂ ಆಗಿಲ್ಲ ಅನ್ನೋಣು. ದೊಡ್ಡ ಡಾಕ್ಟ್ರು ನೋಡಿ ತೆಗಿತಾರ.”

“ಆತು.”

ನನ್ನ ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ನಾವಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಅವನು ನನಗೆ ಚಹಾ ತರಿಸಿದ, ನಾನು ಕುಡಿದೆ. ಹೆಂಡತಿ ತನ್ನ ಲೋಟ ಮುಟ್ಟಲಿಲ್ಲ.

“ಅಣ್ಣ, ತಲಿ ಕೊಯ್ಯೋದು ಅಂದ್ರ ಹೆಂಗ ಕೊಯ್ತಾರ?” ಎಂದು ಕೇಳಿದಳು.

“ಕೂದಲ ತೆಗೆದು, ಬುರುಡಿ ಒಂದೀಟು ಬಿಚ್ಚಿ... ನಿಂಗ ಗೊತ್ತಾಗಂಗಿಲ್ಲಬೇ, ಮಲಗಿಸಿರ್ತಾರ.”

“ಒಳಗ ಗಡ್ಡಿ ಸಿಗಲಿಲ್ಲಂದ್ರ?”

ಅವಳ ಅಣ್ಣ ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟ.

“ಇಬ್ರೂ ಕೇಳ್ರಿಲ್ಲೆ. ಇಷ್ಟು ದಿನ ನೀವು ಹಾವು ಮುಂಗಿಸಿ ಆಗಿದ್ರಿ. ಇವತ್ತು ನನ್ನ ತಲಿ ಕೊಯ್ಯಾಕ ಒಂದಾಗೀರಿ. ನಿಮ್ಮ ಮರ್ಯಾದಿ ನಿಮ್ಮ ತಲ್ಯಾಗ ಐತಿ, ಬೇಕಾದ್ರ ಅದನ್ನ ಕೊಯ್ಸಿಕೊಳ್ರಿ. ನಾನು ಹುಬ್ಬಳ್ಳಿಗೆ ಬರಂಗಿಲ್ಲ.”

ಎದ್ದು ಹೊರಗೆ ಹೋಗಿ ಬಸ್ ಹತ್ತಿದಳು. ನಾನು ಅವಳ ಹಿಂದೆ ಓಡಬೇಕಾಯಿತು. ಮನೆಯಲ್ಲಿ ಮೂರು ದಿನ ಮಾತಿಲ್ಲ. ಹುಬ್ಬಳ್ಳಿಯ ದಿನಕ್ಕೆ ಎಂಟೇ ದಿನ ಉಳಿದಿತ್ತು. ಬರುವುದಿಲ್ಲ ಎಂದವಳನ್ನು ಹೊತ್ತುಕೊಂಡಾದರೂ ಹೋಗುತ್ತೇನೆ ಎಂದು ನನ್ನ ಹಟ.

ಆ ಸಿಟ್ಟನ್ನು ಯಾರ ಮೇಲಾದರೂ ಇಳಿಸಬೇಕಿತ್ತು. ಹಳ್ಳದ ಆಚೆ ದಂಡೆಯಲ್ಲಿ ಒಬ್ಬ ಹಂದಿ ಸಾಕುತ್ತಾನೆ. ನಾನು ಸೊಪ್ಪು ತೊಳೆಯುವ ಜಾಗದಿಂದ ಅವನ ಗುಡಿಸಲು ಕಾಣುತ್ತದೆ. ಒಂದು ಮಧ್ಯಾಹ್ನ ನೇರ ಅಲ್ಲಿಗೇ ಹೋದೆ. ಅವನು ಹಂದಿ ತಿನ್ನುವ ಕಲ್ಲಿನ ದೋಣಿಗೆ ಮುಸುರೆ ಸುರಿಯುತ್ತಿದ್ದ.

“ಲೇ, ನಿನ್ನ ಹಂದಿ ಹಳ್ಳಕ್ಕ ಯಾಕ ಬಿಡ್ತಿ?”

ಅವನು ಬಕೆಟ್ ಕೆಳಗಿಡಲೂ ಇಲ್ಲ. “ಹಳ್ಳ ಯಾರಪ್ಪಂದ್ರಿ ಯಜಮಾನ್ರ?”

“ನಿನ್ನ ಹಂದಿ ದೆಸಿಯಿಂದ ನನ್ನ ಹೆಂಡ್ತಿ ತಲ್ಯಾಗ ಹುಳ ಬಿದ್ದೈತಿ. ಒಂದು ವಾರದಾಗ ಇವನ್ನ ಸಾಗಿಸಲಿಲ್ಲಂದ್ರ ಪಂಚಾಯ್ತಿಗೆ ಹೇಳಿ ಗುಡಿಸಲ ಕೀಳಸ್ತೀನಿ.”

“ನನ್ನ ಹಂದಿ ನಿಮ್ಮ ಅಡಿಗಿ ಮನಿಗೆ ಬಂದಿತ್ತೇನು? ನಿಮ್ಮ ಹೆಂಡ್ತಿ ಬಾಯಿಗೆ ಬಂದಿತ್ತೇನು?” ಈಗ ಬಕೆಟ್ ಇಟ್ಟ. “ಹೇಳ್ತೀನಿ ಕೇಳ್ರಿ. ನನ್ನ ಹಂದಿ ನೀರಿಗೆ ಬೀಳೋದು ಬಿಸಿಲು ಏರಿದ ಮ್ಯಾಲ. ಅದಕ್ಕೂ ಮೊದ್ಲ ಚಂಬು ಹಿಡ್ಕೊಂಡು ಬರೋರು ಯಾರು? ಇಡೀ ನಿಮ್ಮ ಊರು. ಸರ್ಕಾರ ಕಟ್ಟಿಸಿಕೊಟ್ಟ ಪಾಯಖಾನಿಯಾಗ ನೀವು ಗೋಣಿಚೀಲ ಇಟ್ಟೀರಿ, ಗೊತ್ತೈತಿ ನನಗ. ಮ್ಯಾಲ ಅವರು ಕುಂತು ಎದ್ದು ಹೋಗ್ತಾರ, ಕೆಳಗ ನೀವು ಬಂದು ಕೊತ್ತಂಬ್ರಿ ಅದ್ದತೀರಿ. ಮೂರು ಮೂರು ಸಲ ಅದ್ದತೀರಿ. ನಿಮ್ಮಷ್ಟು ಚಂದಾಗಿ ಯಾರೂ ಅದ್ದಂಗಿಲ್ಲ ಬಿಡ್ರಿ.”

“ಬಾಯಿ ಮುಚ್ಚಲೇ. ಹಂದಿ ತಿನ್ನೋರು ನೀವು...”

“ನಾವಷ್ಟ ತಿಂತೀವಿ ಅಂದ್ಕಂಡೀರೇನು? ನಿಮ್ಮ ಓಣಿಯಾಗಿಂದ ಮುಸುಕು ಹಾಕ್ಕೊಂಡು ಬಂದು ಎಲಿಯಾಗ ಕಟ್ಟಿಸ್ಕೊಂಡು ಹೋಗೋರು ಅದಾರ. ಹೆಸರು ಹೇಳ್ಲಾ? ಅರ್ಧ ಬೇಯಿಸಿ ತಿಂದು ಮುಂಜಾನಿ ಇದ ಹಳ್ಳಕ್ಕ ಬರ್ತಾರ.” ಅವನು ಮತ್ತೆ ಬಕೆಟ್ ಎತ್ತಿಕೊಂಡ. “ಇನ್ನೊಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾವು ಸಂತ್ಯಾಗ ನಿಮ್ಮ ಸೊಪ್ಪು ತಗೋಳಂಗಿಲ್ಲ. ನನ್ನ ಹೆಂಡ್ತಿ ಹನ್ನೆರಡು ವರ್ಷದಿಂದ ತಗೊಂಡಿಲ್ಲ. ಮಣ್ಣಿದ್ದ ಸೊಪ್ಪು ತಂದು ಮನಿಯಾಗ ತೊಳಕೋತಾಳ.”

ನಾನು ಕೈಯೆತ್ತಿದ್ದೆ. ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು. ಹಂದಿ ಸಾಕುವವನ ಮನೆಯವರು ನನ್ನ ಸೊಪ್ಪನ್ನು ಹೇಸಿಕೊಳ್ಳುತ್ತಾರೆ. ಇಪ್ಪತ್ತೈದು ವರ್ಷ ಯಾವುದರಿಂದ ಎದೆಯುಬ್ಬಿಸಿಕೊಂಡು ಸಂತೆಯಲ್ಲಿ ಕೂತಿದ್ದೆನೋ ಅದನ್ನು ಅವನು ಒಂದು ಬಕೆಟ್ ಮುಸುರೆಯ ಜೊತೆಗೆ ಸುರಿದುಬಿಟ್ಟ. ವಾಪಸು ಬರುವಾಗ ಹಳ್ಳದ ನೀರನ್ನು ನೋಡಿದೆ. ಮೇಲಿನಿಂದ ಬರುವ ನೀರು, ಮೇಲೆ ಯಾರ್ಯಾರು ಕೂರುತ್ತಾರೋ ಆ ನೀರು. ನಾನೂ ಕೂತಿದ್ದೇನೆ.

ಸಂತೆಯಲ್ಲಿ ಉಳಿದ ಕಟ್ಟುಗಳನ್ನು ಮನೆಗೇ ತರುತ್ತಿದ್ದೆ. ತೊಳೆದ ಸೊಪ್ಪು ಎಂದು ಅವಳು ಮತ್ತೆ ತೊಳೆಯುತ್ತಿರಲಿಲ್ಲ. ನಮ್ಮ ಕಡೆ ರೊಟ್ಟಿಯ ಜೊತೆ ಹಸಿ ಮೆಂತ್ಯ ಇಲ್ಲದಿದ್ದರೆ ಊಟ ಇಳಿಯುವುದಿಲ್ಲ. “ಮತ್ತ ಯಾಕ ನೀರು ಸುರಿತಿ, ನಾನು ತೊಳದಿಲ್ಲೇನು?” ಎಂದು ನಾನೇ ಒಂದು ಸಲ ಗದರಿಸಿದ್ದು ನೆನಪಾಯಿತು.

ಹುಬ್ಬಳ್ಳಿಯ ದಿನಕ್ಕೆ ನಾಲ್ಕು ದಿನ ಇರುವಾಗ ಒಬ್ಬನೇ ದಾವಣಗೆರೆಗೆ ಹೋದೆ. ಡಾಕ್ಟರಮ್ಮ ನನ್ನನ್ನು ನೋಡಿ ಕುರ್ಚಿ ಹಿಂದಕ್ಕೆ ಸರಿಸಿದರು. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಬಾಯಿಂದ ಬಂದದ್ದು ಬೇರೆ.

“ನೀವು ತಪ್ಪಿದ್ರ? ಅದು ಗಡ್ಡಿ ಆಗಿದ್ರ? ಮಾತ್ರಿ ನುಂಗಿಕೋತ ಕುಂತು ಆಕಿ ಸತ್ರ ಯಾರು ಹೊಣಿ?”

“ನೀವು ಕೇಳ್ತಿರೋದು ಸರಿ” ಎಂದರು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. “ಚಿತ್ರ ನೋಡಿ ನೂರಕ್ಕೆ ನೂರು ಯಾರೂ ಹೇಳಲ್ಲ. ಆದ್ರೆ ಆ ಚುಕ್ಕೆ ಕಂಡ ಮೇಲೆ ನನಗೆ ಅನುಮಾನ ಇಲ್ಲ. ಮಾತ್ರೆ ಕೊಟ್ಟು ಎರಡು ತಿಂಗಳಿಗೆ ಮತ್ತೆ ಚಿತ್ರ ತೆಗೀತೀವಿ. ಹುಳ ಆಗಿದ್ರೆ ಉಂಗುರ ಕುಗ್ಗಿರುತ್ತೆ. ಗಡ್ಡೆ ಆಗಿದ್ರೆ ಕುಗ್ಗಲ್ಲ. ಕುಗ್ಗಿಲ್ಲ ಅಂದ್ರೆ ಆಗ ಬಂದು ಬೈಯಿರಿ.”

“ಸೊಪ್ಪಿನಿಂದ ಬರ್ತೈತೇನು?”

“ಅವತ್ತು ಅದನ್ನೇ ಹೇಳೋಕೆ ಹೊರಟಿದ್ದೆ.”

ಪೂರ್ತಿ ಹೇಳಿದರು. ಹುಳ ಇದ್ದವರ ಮಲದಿಂದ ಮೊಟ್ಟೆ ನೀರಿಗೆ, ನೀರಿನಿಂದ ಹಸಿ ಸೊಪ್ಪಿಗೆ, ಸೊಪ್ಪಿನಿಂದ ಹೊಟ್ಟೆಗೆ, ಅಲ್ಲಿಂದ ರಕ್ತದಲ್ಲಿ ತಲೆಗೆ. ಹಂದಿ ಸಾಕುವವನು ಹೇಳಿದ್ದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ, ಮರ್ಯಾದೆಯಿಂದ ಹೇಳಿದರು ಅಷ್ಟೇ. ನಾನೂ ಅದೇ ಸೊಪ್ಪು ತಿಂದವನು, ನನ್ನ ತಲೆಯನ್ನೂ ಮಿಷನ್ನಿನಲ್ಲಿ ಹಾಕಿ ನೋಡಿ ಎಂದೆ. ತಲೆನೋವು, ಫಿಟ್ಸ್ ಏನೂ ಇಲ್ಲದವರಿಗೆ ಹಾಗೆಲ್ಲ ಮಾಡುವುದಿಲ್ಲ ಎಂದರು.

ಹೆಂಡತಿಯನ್ನು ಕರೆತಂದು ನರದ ಡಾಕ್ಟರಿಗೆ ತೋರಿಸಿದೆ. ಕಣ್ಣಿನಲ್ಲೂ ಗುಳ್ಳೆ ಇದ್ದರೆ ಮಾತ್ರೆಯಿಂದ ದೃಷ್ಟಿಗೆ ಅಪಾಯವಂತೆ, ಇಲ್ಲವೆಂದು ಖಾತ್ರಿ ಮಾಡಿಕೊಂಡು ಮಾತ್ರೆ ಶುರು ಮಾಡಿದರು. ಹುಬ್ಬಳ್ಳಿಯ ಹಾಸಿಗೆ ಬೇಡವೆಂದು ಅವಳ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು, “ಏನಾದ್ರೂ ಹೆಚ್ಚುಕಡಿಮಿ ಆದ್ರ ನನ್ನ ಕೇಳಬ್ಯಾಡ್ರಿ” ಎಂದ. “ನಿನ್ನ ಕೇಳಿದ್ದಕ್ಕ ಇಷ್ಟೆಲ್ಲ ಆಗಿದ್ದು” ಎಂದು ಇಟ್ಟೆ.

ಆದರೆ ಊರಿನಲ್ಲಿ ನಾನು ಬಾಯಿ ಬಿಡಲಿಲ್ಲ. ಗಡ್ಡೆ, ಆಪರೇಷನ್ ಮುಂದೆ ಹಾಕಿದ್ದಾರೆ ಎಂದೇ ಹೇಳಿದೆ. ಜನ ಹಣ್ಣು ಹಿಡಿದುಕೊಂಡು ಬಂದರು. ಬಂದವರು ಅವಳನ್ನು ಕೊನೆಯ ಸಲ ನೋಡುವ ಹಾಗೆ ನೋಡಿದರು. ಎದುರು ಮನೆಯವಳು, “ಆ ಹಸಿರು ಇಳಕಲ್ ಸೀರಿ ಭಾಳ ಚಂದ ಐತಿ ನೋಡಬೇ” ಎಂದು ಎರಡು ಸಲ ಅಂದಳು. “ಇರು, ಇನ್ನೂ ನಾನ ಉಡೋದೈತಿ” ಎಂದು ನನ್ನ ಹೆಂಡತಿ ಬಾಗಿಲು ತೋರಿಸಿದಳು.

ಸೊಪ್ಪನ್ನು ಬೋರಿನ ನೀರಿನಲ್ಲೇ ತೊಳೆಯತೊಡಗಿದೆ. ಕರೆಂಟು ಬಂದ ಹೊತ್ತಿಗೆ ತೊಟ್ಟಿ ತುಂಬಿಸಿಕೊಳ್ಳಬೇಕು, ಸಂತೆಗೆ ತಡವಾಗುತ್ತದೆ, ಒಳ್ಳೆಯ ಜಾಗ ಬೇರೆಯವರ ಪಾಲಾಗುತ್ತದೆ. ಯಾಕೆ ಹಳ್ಳಕ್ಕೆ ಬರುವುದಿಲ್ಲ ಎಂದು ಕೇಳಿದವರಿಗೆ ಸೊಂಟ ನೋವು ಎಂದೆ.

“ಉಳದೋರಿಗೆ ಹೇಳಿದ್ರೇನು?” ಎಂದು ಹೆಂಡತಿ ಒಂದು ದಿನ ಕೇಳಿದಳು.

“ಏನಂತ ಹೇಳ್ಲಿ?”

“ಇದ್ದದ್ದ ಹೇಳ್ರಿ. ಅವರ ಮನಿಯಾಗಿನೋರಿಗೂ ತಲಿ ಅದಾವ.”

ಹೇಳಲಿಲ್ಲ. ಅವಳು ಮತ್ತೆ ಕೇಳಲಿಲ್ಲ, ಆದರೆ ನನ್ನ ತಟ್ಟೆಗೆ ರೊಟ್ಟಿಯನ್ನು ಎತ್ತರದಿಂದ ಹಾಕುತ್ತಿದ್ದಳು.

ಎರಡು ತಿಂಗಳಾದ ಮೇಲೆ ಮತ್ತೆ ಆ ಮಿಷನ್ನು, ಮತ್ತೆ ಆ ಗೋಡೆಯ ಬೆಳಕು. ಡಾಕ್ಟರಮ್ಮ ಏನೂ ಹೇಳದೆ ಎರಡು ಫಿಲ್ಮನ್ನೂ ಪಕ್ಕಪಕ್ಕ ಸಿಕ್ಕಿಸಿ, “ನೀವೇ ಹುಡುಕಿ” ಎಂದು ನನಗೆ ಪೆನ್ನು ಕೊಟ್ಟರು. ಹಳೆಯದರಲ್ಲಿ ಉಂಗುರ ಕೂಡಲೇ ಸಿಕ್ಕಿತು. ಹೊಸದರಲ್ಲಿ ಅದೇ ಜಾಗವನ್ನು ಎಷ್ಟು ಹುಡುಕಿದರೂ ಉಂಗುರ ಇಲ್ಲ. ಸಾಸಿವೆಯಷ್ಟು ಒಂದು ಗುರುತು, ಸುತ್ತ ಬಾವೂ ಇಲ್ಲ. ಫಿಟ್ಸ್ ಮಾತ್ರೆ ಇನ್ನೂ ಕೆಲವು ಕಾಲ ನುಂಗಬೇಕು, ಬೇರೇನೂ ಬೇಡ ಎಂದರು. ನಾನು ಪೆನ್ನು ವಾಪಸು ಕೊಟ್ಟೆ. ಬೈದದ್ದಕ್ಕೆ ಒಂದು ಮಾತು ಆಡಬೇಕಿತ್ತು. ಹೆಂಡತಿ ನನ್ನ ಮುಖ ನೋಡಿ, ಕಾದು, ಆಮೇಲೆ ತಾನೇ ಕೈ ಮುಗಿದಳು.

ವಾಪಸು ಬರುವ ಬಸ್ಸಿಗೆ ಹರಪನಹಳ್ಳಿಯಲ್ಲಿ ನಮ್ಮ ಊರಿನ ಇನ್ನೊಬ್ಬ ಸೊಪ್ಪಿನವನು ಹತ್ತಿದ. ಹಳ್ಳದಲ್ಲಿ ನನ್ನ ಪಕ್ಕದ ಕಲ್ಲು ಅವನದು. ನಮ್ಮ ಎದುರಿನ ಸೀಟಿನಲ್ಲಿ ಕೂತು ಹಿಂದಕ್ಕೆ ತಿರುಗಿದ.

“ಏನಂತಲೇ ಗಡ್ಡಿ? ಕೊಯ್ಯೋದು ಯಾವಾಗಂತ?”

ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ನನಗೆ ಇವನ ಮೇಲೆ, ಇವಳ ಮೌನದ ಮೇಲೆ, ಎರಡು ತಿಂಗಳು ಸುಳ್ಳು ಹೊತ್ತ ನನ್ನ ಮೇಲೆ ಒಟ್ಟಿಗೇ ಸಿಟ್ಟು ಬಂತು.

“ಗಡ್ಡಿ ಅಲ್ಲಲೇ. ಹುಳ. ಹಂದಿ ಹುಳ.”

ಅವನು ನಕ್ಕ. “ಹಂದಿ? ನಿಮ್ಮ ಮನಿಯಾಗ? ಯಾವಾಗಿಂದ ಶುರು ಮಾಡೀರಿ?”

“ತಿಂದು ಬಂದದ್ದಲ್ಲ. ನಾನು ನೀನು ಸೊಪ್ಪು ಅದ್ದತೀವಲ್ಲ, ಆ ನೀರಿನ್ಯಾಗಿಂದು. ಹಸಿ ಸೊಪ್ಪು ತಿಂದು ಬಂದದ್ದು.”

“ಲೇ ಲೇ, ಮೆಲ್ಲಗ ಮಾತಾಡು. ನಾಳಿ ಸಂತಿ ಐತಿ. ನಮ್ಮ ಹೊಟ್ಟಿ ಮ್ಯಾಲ ಯಾಕ ಹೊಡಿತಿ? ಯಾವನೋ ಡಾಕ್ಟರ್ ಹೇಳಿದ ಅಂತ...”

“ಡಾಕ್ಟರ್ ಯಾಕ, ನಾನ ತೋರಿಸ್ತೀನಿ.”

ಕವರಿನಿಂದ ಎರಡೂ ಫಿಲ್ಮು ತೆಗೆದು ಬಸ್ಸಿನ ಕಿಟಕಿಯ ಬೆಳಕಿಗೆ ಹಿಡಿದೆ. ಬಸ್ಸು ಕುಲುಕುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ. “ಇಲ್ಲಿ ಉಂಗುರ ನೋಡು. ಅಂಚು ತೆಳ್ಳಗೈತಿ, ದುಂಡಗೈತಿ. ಗಡ್ಡಿ ಆಗಿದ್ರ ದಪ್ಪಿರತೈತಿ, ಸೊಟ್ಟ ಇರತೈತಿ. ಒಳಗ ಚುಕ್ಕಿ ಕಾಣ್ತದೇನು? ಅದು ಹುಳದ ತಲಿ. ಈಗ ಇದನ್ನ ನೋಡು, ಮಾತ್ರಿ ನುಂಗಿದ ಮ್ಯಾಲ. ಏನೈತಿ? ಏನಿಲ್ಲ. ಗಡ್ಡಿ ಮಾತ್ರಿಗೆ ಹಿಂಗ ಹೋಕ್ಕೈತೇನಲೇ?”

ಹಿಂದಿನ ಸೀಟಿನ ಮುದುಕಿಯೊಬ್ಬಳು ಕತ್ತು ಚಾಚಿ ನೋಡಿದಳು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ನೋಡಿದ. ಸೊಪ್ಪಿನವನು ಫಿಲ್ಮಿನ ಕಡೆ ನೋಡಲೇ ಇಲ್ಲ. “ನಿನ್ನ ತಲಿ ಕೆಟ್ಟೈತಿ” ಎಂದು ಚೀಲ ಎತ್ತಿಕೊಂಡು ಮುಂದಿನ ಬಾಗಿಲ ಬಳಿಯ ಸೀಟಿಗೆ ಹೋಗಿ ಕೂತ. ಅಲ್ಲಿಂದ ಪಕ್ಕದವನಿಗೆ ಏನೋ ಹೇಳಿದ. ಇಬ್ಬರೂ ತಿರುಗಿ ನಮ್ಮನ್ನು ನೋಡಿದರು.

ನೋಡಲಿ. ನಾಳೆ ಸಂತೆಯಲ್ಲಿ ನನ್ನ ಸೊಪ್ಪಿನ ಮುಂದೆ ಯಾರೂ ನಿಲ್ಲುವುದಿಲ್ಲ ಎಂದು ಗೊತ್ತಿತ್ತು. ಹಾಗೇ ಆಯಿತು ಕೂಡ.

ಫಿಲ್ಮುಗಳನ್ನು ಕವರಿಗೆ ಹಾಕಿ ತಿರುಗಿದರೆ ಹೆಂಡತಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ನಾನು ಅಷ್ಟು ಕೂಗಿದ್ದನ್ನು ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ರಸ್ತೆ ಕೆಟ್ಟಿತ್ತು. ತಗ್ಗು ಬಂದಾಗಲೆಲ್ಲ ಗಾಜು ಅವಳ ತಲೆಗೆ ಟಕ್ ಟಕ್ ಎಂದು ಬಡಿಯುತ್ತಿತ್ತು. ಹೆಗಲ ಮೇಲಿನ ಟವೆಲ್ ಮಡಚಿ ಗಾಜಿಗೂ ಅವಳ ತಲೆಗೂ ನಡುವೆ ಇಟ್ಟು, ಜಾರದ ಹಾಗೆ ಕೊಟ್ಟೂರು ಬರುವವರೆಗೆ ಹಿಡಿದುಕೊಂಡು ಕೂತೆ.